ಮಾಂಟಾ ಮೀನಿನ ಹಲ್ಲು ನೋಡಿದ ಬೋರಮ್ಮ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರೆಯುವುದರಲ್ಲಿ ಒಂದಿಷ್ಟು ತಪ್ಪಿರಬಹುದು. ನನ್ನ ವಯಸ್ಸು ತಪ್ಪಿರಬಹುದು, ಸೀರೆಯ ಬಣ್ಣ ತಪ್ಪಿರಬಹುದು, ಯಾರು ಯಾವ ಮಾತನ್ನು ಆಡಿದರು ಎಂಬುದಂತೂ ಅಲ್ಲಲ್ಲಿ ಅದಲುಬದಲಾಗಿಯೇ ಇರುತ್ತದೆ. ಕಾಲೇಜಿನ ದಿನಗಳಿಂದ ಬಿಡದೆ ಡೈರಿ ಬರೆಯುತ್ತಿರುವ ನಾನು ನನ್ನ ನೆನಪನ್ನು ನಂಬುವುದಿಲ್ಲ. ಡೈರಿಯನ್ನೂ ಅಷ್ಟಾಗಿ ನಂಬುವುದಿಲ್ಲ. ಹೋದ ವರ್ಷದ ಡೈರಿಯ ಒಂದು ಪುಟದಲ್ಲಿ "ಇಂದು ಯಾರೊಂದಿಗೂ ಜಗಳವಿಲ್ಲ, ಮನಸ್ಸು ಶಾಂತವಾಗಿತ್ತು" ಎಂದು ಬರೆದುಕೊಂಡಿದ್ದೆ. ಅದನ್ನು ಕದ್ದು ಓದಿದ ನಮ್ಮ ಯಜಮಾನರು, "ಅವತ್ತೇ ಅಲ್ವೇನೇ ನೀನು ಗ್ಯಾಸ್ ಸಿಲಿಂಡರಿನವನನ್ನ ಗೇಟಿನ ತನಕ ಅಟ್ಟಿಸ್ಕೊಂಡು ಹೋಗಿದ್ದು?" ಎಂದು ಕೇಳಿದರು. ಗೇಟಿನ ತನಕ ಅಲ್ಲ, ನೀರಿನ ತೊಟ್ಟಿಯ ತನಕ ಮಾತ್ರ ಎಂದು ನನ್ನ ನೆನಪು. ಆದರೆ ಶಾಂತವಾಗಿದ್ದ ಮನಸ್ಸು ಯಾರದು ಎಂಬುದು ಇಂದಿಗೂ ಗೊತ್ತಾಗಿಲ್ಲ. ಹೀಗಿರುವವಳು ಐದು ವರ್ಷದವಳಿದ್ದಾಗ ಕಂಡ ಒಂದು ಮೀನಿನ ಬಾಯಿಯ ಬಣ್ಣದ ಬಗ್ಗೆ ಇಷ್ಟು ವರ್ಷ ಎದೆ ತಟ್ಟಿಕೊಂಡು ಪಾಠ ಮಾಡಿದೆನಲ್ಲ, ಅದೇ ಈಗಿನ ತಾಪತ್ರಯಕ್ಕೆ ಮೂಲ.

ನಾನು ಚಳ್ಳಕೆರೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಪ್ರಾಣಿಗಳ ಭಾಗ ನನ್ನದು, ಗಿಡಗಳ ಭಾಗ ತಿಪ್ಪೇಸ್ವಾಮಿ ಮೇಷ್ಟ್ರದು. ನಮ್ಮದು ವೇದಾವತಿಯಲ್ಲಿ ನೀರು ಬಂದರೆ ಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವ ಜನರ ಊರು. ಇಲ್ಲಿ ನಿಂತು ಕಡಲಿನ ಪಾಠ ಮಾಡುವುದೆಂದರೆ ಹಸಿದವರ ಮುಂದೆ ಅಡುಗೆಯ ಪುಸ್ತಕ ಓದಿದಂತೆ. ಆದರೂ ನಮ್ಮ ಪ್ರಯೋಗಶಾಲೆಯ ಗೋಡೆಯ ಮೇಲೆ, ಕಪ್ಪೆಯ ಕರುಳಿನ ಚಿತ್ರದ ಪಕ್ಕದಲ್ಲಿ, ನಾನೇ ಬಣ್ಣ ಹಾಕಿ ಬರೆದ ಒಂದು ಚಾರ್ಟ್ ತೂಗುತ್ತಿದೆ. ಅದರಲ್ಲಿ ಎರಡು ಮಾಂಟಾ ಮೀನುಗಳು ಅಕ್ಕಪಕ್ಕದಲ್ಲಿ ರೆಕ್ಕೆ ಬಿಚ್ಚಿಕೊಂಡು ಮಲಗಿವೆ. ಮಾಂಟಾ ನಮ್ಮ ಪಠ್ಯದಲ್ಲಿಲ್ಲ, ಪರೀಕ್ಷೆಗೆ ಬರುವುದಿಲ್ಲ. ಆದರೆ ಪ್ರತಿವರ್ಷ ಪಾಠ ಮುಗಿದು ಎರಡು ಪೀರಿಯಡ್ ಉಳಿದರೆ ಸಾಕು, ನನ್ನ ಕೋಲು ತಾನಾಗಿಯೇ ಆ ಚಾರ್ಟಿನ ಕಡೆಗೆ ತಿರುಗುತ್ತದೆ.

ಮಾಂಟಾ ಎಂದರೆ ತೊರಕೆ ಮೀನಿನ ಬಳಗದ ದೊಡ್ಡ ಜೀವ. ಚಪ್ಪಟೆ ಮೈ, ಗಾಳಿಗೆ ಬೀಸಿದ ಕಂಬಳಿಯಂಥ ಎರಡು ರೆಕ್ಕೆ, ತಲೆಯ ಮುಂದೆ ಕೊಂಬಿನ ಹಾಗೆ ಸುರುಳಿಯಾಗುವ ಎರಡು ಮಡಿಕೆ. ನೋಡಿದರೆ ರಾಕ್ಷಸ, ತಿನ್ನುವುದು ಮಾತ್ರ ನೀರಿನಲ್ಲಿ ತೇಲುವ ಧೂಳಿನಂಥ ಜೀವಿಗಳನ್ನು. ಇದರಲ್ಲಿ ಎರಡು ಬಗೆ. ಒಂದು ನಡುಗಡಲಿನ ದೈತ್ಯ ಮಾಂಟಾ, ಇನ್ನೊಂದು ಹವಳದ ದಿಬ್ಬಗಳ ಬಳಿ ಸುಳಿಯುವ ಮಾಂಟಾ. ನಾನು ಓದುವಾಗ ಇವೆರಡೂ ಒಂದೇ ಎಂದು ವಿಜ್ಞಾನಿಗಳೇ ನಂಬಿದ್ದರು. ಆಮೇಲೆ ಯಾರೋ ಸಾವಧಾನದಿಂದ ನೋಡಿ, ಇಲ್ಲ, ಇವು ಅಕ್ಕತಂಗಿಯರು ಎಂದು ಬೇರೆ ಮಾಡಿದರು. ದೈತ್ಯ ಮಾಂಟಾ ಇನ್ನೂ ದೊಡ್ಡದು, ಅದರ ಹೆಗಲ ಮೇಲಿನ ಬಿಳಿ ಮಚ್ಚೆಗಳ ಅಂಚು ಸ್ಕೇಲಿಟ್ಟು ಗೆರೆ ಎಳೆದಷ್ಟು ನೇರ. ಹವಳದ ಮಾಂಟಾದ ಹೆಗಲಲ್ಲಿ ಬಿಳಿಯೂ ಕಪ್ಪೂ ಒದ್ದೆ ಬಣ್ಣದ ಹಾಗೆ ಒಂದರೊಳಗೊಂದು ಇಳಿದಿರುತ್ತವೆ. ದೈತ್ಯನಿಗೆ ಹೊಟ್ಟೆಯ ಚುಕ್ಕೆಗಳು ಕೆಳಭಾಗದಲ್ಲಿ ಗುಂಪುಗೂಡಿರುತ್ತವೆ, ಇನ್ನೊಂದಕ್ಕೆ ಕಿವಿರುಗಳ ನಡುವೆಯೂ ಚೆಲ್ಲಿರುತ್ತವೆ. ಎಲ್ಲಕ್ಕಿಂತ ಸುಲಭದ ಗುರುತು ಬಾಯಿ. ದೈತ್ಯ ಮಾಂಟಾದ ಬಾಯಿ ಕಪ್ಪು, ಹವಳದ್ದು ಬಿಳಿ.

ಇಷ್ಟು ಹೇಳಿ ನಾನು ಕೋಲನ್ನು ದೈತ್ಯ ಮಾಂಟಾದ ಬಾಯಿಗೆ ಒತ್ತಿ, "ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ" ಎನ್ನುತ್ತೇನೆ. ಹಿಂದಿನ ಬೆಂಚಿನವರೂ ಆಗ ತಲೆ ಎತ್ತುತ್ತಾರೆ. ಅಪ್ಪ ಆಗ ನನ್ನಿವಾಳದ ಶಾಲೆಯಲ್ಲಿ ಮೇಷ್ಟ್ರು. ಒಂದು ಬೇಸಿಗೆಯಲ್ಲಿ ನೆಂಟರಿಷ್ಟರೆಲ್ಲ ಸೇರಿ ಮೆಟಡೋರ್ ಮಾಡಿಕೊಂಡು ಧರ್ಮಸ್ಥಳಕ್ಕೆ ಹೋದೆವು. ಅಲ್ಲಿಂದ ಉಡುಪಿ, ಉಡುಪಿಯಿಂದ ಕಡಲು ತೋರಿಸುತ್ತೇನೆಂದು ಡ್ರೈವರು ಮಲ್ಪೆ ಬಂದರಿಗೆ ಕರೆದುಕೊಂಡು ಹೋದ. ಅಲ್ಲಿ ಒಂದು ಎತ್ತರದ ಸಿಮೆಂಟ್ ಕಟ್ಟೆಯ ಮೇಲೆ ಮನೆಯ ಬಾಗಿಲಿನಷ್ಟು ಅಗಲದ ಕಪ್ಪು ಮೀನು ಬಿದ್ದಿತ್ತು. ಸುತ್ತ ಕೂಗಾಟ, ಹರಾಜು. ಗುಂಪನ್ನು ಸರಿಸಿಕೊಂಡು ನನ್ನ ಅವ್ವ ಮುಂದೆ ಹೋದಳು. ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲರೂ ನೋಡುತ್ತಿದ್ದಂತೆ ಆ ಮೀನಿನ ಬಾಯಿ ಅಗಲಿಸಿ ಅದರ ಹಲ್ಲು ನೋಡಿದಳು.

ಇದಕ್ಕೆ ನಗುವವರಿಗೆ ನಮ್ಮ ಕಡೆಯ ರೂಢಿ ಗೊತ್ತಿರಲಾರದು. ನನ್ನ ತಾಯಿಯ ತವರು ವರವು ಕಾವಲೆಂಬ ಹುಲ್ಲುಗಾವಲಿನ ಅಂಚಿನ ಒಂದು ಹಟ್ಟಿ, ಕುರಿಯ ಮನೆತನ. ಕುರಿ ಕೊಳ್ಳುವವರು ಮೈ ಮುಟ್ಟುವ ಮೊದಲು, ಮಾತಾಡುವ ಮೊದಲು, ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲಿನದೋ, ನಾಲ್ಕರದೋ, ಎಂಟೂ ಬಂದು ಸವೆದದ್ದೋ ಎಂಬುದರ ಮೇಲೆ ವಯಸ್ಸು. ಹಲ್ಲು ನೋಡದೆ ಕುರಿಯ ಬಗ್ಗೆ ಅಭಿಪ್ರಾಯ ಹೇಳುವವನನ್ನು ಆ ಮನೆಯಲ್ಲಿ ಊಟಕ್ಕೆ ಕೂರಿಸುತ್ತಿದ್ದರೇ ಹೊರತು ಮಾತಿಗೆ ಕೂರಿಸುತ್ತಿರಲಿಲ್ಲ. ಆ ಮೀನನ್ನು ನಮ್ಮಲ್ಲಿ ಯಾರೂ ಕೊಳ್ಳಬೇಕಾಗಿರಲಿಲ್ಲ, ನಾವು ಮೀನು ತಿನ್ನುವವರೂ ಅಲ್ಲ. ಆದರೂ ಮಾರಾಟಕ್ಕಿಟ್ಟ ಪ್ರಾಣಿಯ ಮುಂದೆ ಬಾಯಿ ನೋಡದೆ ಹಾಗೇ ಹೋಗುವುದು ಅವ್ವನಿಗೆ ಮರ್ಯಾದೆಯಾಗಿ ಕಾಣಲಿಲ್ಲ. ಆ ಬಾಯಿಯ ಒಳಗು ಹಂಡೆಯ ಒಲೆಯಷ್ಟು ಕಪ್ಪಗಿತ್ತು. ಅವ್ವ ತಿರುಗಿ ನನ್ನ ಕಡೆ ನೋಡಿ ನಕ್ಕಳು.

ತರಗತಿಯಲ್ಲಿ ಕತೆ ಇಲ್ಲಿಗೆ ನಿಲ್ಲುತ್ತದೆ. ಅಲ್ಲಿ ಹೇಳದ್ದನ್ನು ಇಲ್ಲಿ ಹೇಳುತ್ತೇನೆ. ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ಅವ್ವ ತೀರಿಕೊಂಡಳು. ಅವಳದೆಂದು ನನ್ನಲ್ಲಿ ಉಳಿದಿರುವುದು ಮೂರೇ ನೆನಪು. ಒಂದರಲ್ಲಿ ಆಕೆ ನನ್ನ ತಲೆ ಬಾಚುತ್ತಿದ್ದಾಳೆ, ಹಾಗಾಗಿ ಹಿಂದೆ ಇದ್ದಾಳೆ. ಇನ್ನೊಂದರಲ್ಲಿ ರೊಟ್ಟಿ ತಟ್ಟುತ್ತಿದ್ದಾಳೆ, ಹಾಗಾಗಿ ನನಗೆ ಬೆನ್ನು ಕಾಣುತ್ತದೆ. ಮುಖ ಕಾಣುವುದು ಈ ಮೀನಿನ ಪಕ್ಕದಲ್ಲಿ ಮಾತ್ರ. ಈಗಿಲ್ಲದ ಅಪ್ಪನ ಬಳಿ ಇದ್ದ ಮದುವೆಯ ಫೋಟೋದಲ್ಲಿ ಆಕೆ ಎಷ್ಟು ತಲೆ ಬಗ್ಗಿಸಿದ್ದಾಳೆಂದರೆ ಬೈತಲೆಯ ವಿಷಯದಲ್ಲಿ ಮಾತ್ರ ನಾನು ಖಚಿತವಾಗಿ ಏನಾದರೂ ಹೇಳಬಲ್ಲೆ. ಆದ್ದರಿಂದ ಆ ಮೀನು ನನಗೆ ಬೇಕು. ಮೀನು ಹೋದರೆ ಅವ್ವನ ಮುಖವೂ ಹೋಗುತ್ತದೆ.

ಇನ್ನು ಹೆಸರಿನ ವಿಷಯ. ಅವ್ವನ ಹೆಸರು ಸಣ್ಣಬೋರಮ್ಮ. ಆಕೆಯ ಅಕ್ಕ, ಅಂದರೆ ನನ್ನ ದೊಡ್ಡವ್ವ, ದೊಡ್ಡಬೋರಮ್ಮ. ಮನೆದೇವರ ಹೆಸರನ್ನು ಎಲ್ಲ ಮಕ್ಕಳಿಗೂ ಇಟ್ಟು ಮುಂದೆ ದೊಡ್ಡ, ನಡು, ಸಣ್ಣ ಎಂದು ಸೇರಿಸುವುದು ನಮ್ಮ ಹಟ್ಟಿಗಳ ಪದ್ಧತಿ. ದೇವರಿಗೂ ಬೇಸರವಿಲ್ಲ, ಹೆಸರು ಹುಡುಕುವ ಕಷ್ಟವೂ ಇಲ್ಲ. ಕಷ್ಟವೆಲ್ಲ ಆಮೇಲೆ ಬರುವವರಿಗೆ. ಇಬ್ಬರೂ ಒಂದೇ ಅಚ್ಚು ಎಂದು ಕಂಡವರೆಲ್ಲ ಹೇಳುತ್ತಿದ್ದರು. ಸಣ್ಣಬೋರಮ್ಮ ದೊಡ್ಡಬೋರಮ್ಮನಿಗಿಂತ ಎರಡು ಬೆರಳು ಎತ್ತರವಂತೆ. ಹಚ್ಚೆಯ ಗುರುತಾದರೂ ಬೇರೆ ಇದ್ದೀತೆಂದರೆ, ಹಚ್ಚೆ ಹಾಕುವವಳು ಒಂದೇ ದಿನ ಬಂದು ಇಬ್ಬರ ಮುಂಗೈಗೂ ಒಂದೇ ಚೇಳು ಬರೆದು ಹೋಗಿದ್ದಳು. ಅವ್ವ ಮೇಷ್ಟ್ರನ್ನು ಮದುವೆಯಾಗಿ ಈ ಕಡೆ ಉಳಿದಳು. ದೊಡ್ಡವ್ವ ಮೊಳಕಾಲ್ಮುರು ತಾಲ್ಲೂಕಿಗೆ, ರಾಂಪುರದ ಆಚೆಯ ಒಂದು ಹಳ್ಳಿಗೆ, ಮತ್ತೆ ಕುರಿಯ ಮನೆಗೇ ಸೇರಿದಳು.

ಮೂರು ತಿಂಗಳ ಹಿಂದೆ ತಿಪ್ಪೇಸ್ವಾಮಿ ಮೇಷ್ಟ್ರು ಸ್ಟಾಫ್ ರೂಮಿಗೆ ಬಂದು, ಟೀ ಲೋಟ ಹಿಡಿದು ನನ್ನ ಎದುರಿಗೇ ಕುಳಿತರು. ಅವರ ಮುಖದಲ್ಲಿ ಅಪರೂಪದ ಸಂತೋಷವಿತ್ತು.

"ಮೇಡಂ, ರಾಂಪುರದ ಕಡೆ ನಮ್ಮ ಷಡ್ಡಕನ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆ. ಅಲ್ಲೊಂದು ಅಜ್ಜಿ ಹೆಂಗಸರನ್ನ ಸುತ್ತ ಕೂರಿಸ್ಕೊಂಡು ಒಂದು ಕತೆ ಹೇಳ್ತಿತ್ತು ನೋಡ್ರಿ. ಅದೇ ಮಲ್ಪೆ, ಅದೇ ಮೀನು, ಅದೇ ಹಲ್ಲು ನೋಡೋದು. ನಿಮ್ಮ ಪಾಠ ಗೋಡೆ ಆಚೆಯಿಂದ ಹತ್ತು ವರ್ಷ ಕೇಳಿದೀನಲ್ಲ, ಒಂದಕ್ಷರ ಬಿಟ್ಟಿಲ್ಲ. ಆದ್ರೆ ಹೀರೋಯಿನ್ನೇ ಬೇರೆ!"

"ಬೇರೆ ಅಂದ್ರೆ?"

"ಅಜ್ಜೀನೇ ಹೀರೋಯಿನ್ನು! ಬಾಯಿ ಬಿಡಿಸಿದ್ದು ನಾನೇ ಅಂತು. ಮತ್ತೆ ನಿಮ್ಮ ಮೀನಿನ ಬಾಯಿ ಕಪ್ಪು ಅಲ್ವಾ? ಅಜ್ಜಿ ಮೀನಿಂದು ಬಿಳಿ ಅಂತೆ, ಬೆಣ್ಣೆ ಬಿಳಿ. ನಂದು ಗಿಡದ ಡಿಪಾರ್ಟ್‌ಮೆಂಟು, ನಾನೇನೂ ಮಾತಾಡಲ್ಲಪ್ಪ. ಕೊನೇಗೆ 'ನನ್ನ ತಂಗಿ ಮಗಳು ಚಳ್ಳಕೆರೇಲಿ ಮೇಡಂ ಆಗವ್ಳೆ' ಅಂತ ಬೇರೆ ಹೇಳ್ತು."

ನಾನು ನಕ್ಕೆ. ಸ್ಟಾಫ್ ರೂಮಿನಲ್ಲಿ ನಗುವ ನಗು ಬೇರೆ ಇರುತ್ತದಲ್ಲ, ಅದು. ವಯಸ್ಸಾದವರು, ಯಾರದೋ ಕತೆಯನ್ನು ತಮ್ಮದು ಮಾಡಿಕೊಳ್ಳುತ್ತಾರೆ ಎಂದೆ. ಹೇಳಿದ ಮೇಲೆ ಆ ಮಾತು ನನ್ನ ಕಡೆಗೂ ಬೆರಳು ತೋರಿಸುತ್ತಿದೆ ಎನ್ನಿಸಿತು. ಆ ವಾರ ಚಾರ್ಟಿನ ಮುಂದೆ ಹಾದು ಹೋಗುವಾಗಲೆಲ್ಲ ಎರಡೂ ಮೀನುಗಳು ನನ್ನನ್ನು ನೋಡಿದಂತಾಗುತ್ತಿತ್ತು. ಮನೆಯಲ್ಲಿ ಯಜಮಾನರು, "ಒಂದು ಫೋನ್ ಮಾಡಿ ಕೇಳಿಬಿಡು, ಅದಕ್ಕೇನು?" ಎಂದರು. ಅವರಿಗೆ ನಮ್ಮ ದೊಡ್ಡವ್ವನ ಫೋನು ಗೊತ್ತಿಲ್ಲ. ಆಕೆಗೆ ಫೋನೆಂದರೆ ದೂರದ ಹೊಲದಲ್ಲಿರುವವರನ್ನು ಕೂಗಿ ಕರೆಯುವ ಸಾಧನ. "ಉಂಡ್ಯಾ? ಅವನು ಉಂಡ್ನಾ? ಸರಿ ಇಡು" ಎಂದರೆ ಮಾತು ಮುಗಿಯಿತು. ಬೇಸಾಯ, ಬಾಣಂತನ, ಸಾವು, ಯಾವುದಕ್ಕೂ ಇದಕ್ಕಿಂತ ಹೆಚ್ಚಿನ ಸಮಯ ಕೊಟ್ಟವಳಲ್ಲ. ನಿಜ ಹೇಳಬೇಕೆಂದರೆ ನಾನೇ ಮುಂದೂಡಿದೆ. ಕೇಳದಿದ್ದಷ್ಟು ದಿನ ಆ ಬಾಯಿ ಕಪ್ಪಾಗಿಯೇ ಇರುತ್ತದಲ್ಲ.

ಕೊನೆಗೆ ಒಂದು ಭಾನುವಾರ ಬಳ್ಳಾರಿ ಬಸ್ಸು ಹತ್ತಿದೆ. ಫೋನಿನಲ್ಲಿ ಎರಡೂ ಮಾಂಟಾಗಳ ಒಳ್ಳೊಳ್ಳೆಯ ಚಿತ್ರಗಳನ್ನು ಇಟ್ಟುಕೊಂಡಿದ್ದೆ. ಸಾಕ್ಷಿಗೆ ಸುಳಿವು ಕೊಡಬಾರದು, ಬಾಯಿಯ ಬಣ್ಣದ ಮಾತು ನಾನಾಗಿ ಎತ್ತಬಾರದು, ಮೊದಲು ಚಿತ್ರ ಆಮೇಲೆ ಪ್ರಶ್ನೆ ಎಂದೆಲ್ಲ ಡೈರಿಯಲ್ಲಿ ಬರೆದುಕೊಂಡಿದ್ದೆ. ವಿಶ್ವವಿದ್ಯಾಲಯದಲ್ಲಿ ಕಲಿತ ಸಂಶೋಧನಾ ವಿಧಾನ ಕೊನೆಗೂ ಒಂದು ಉಪಯೋಗಕ್ಕೆ ಬಂತು ಎಂಬ ಹೆಮ್ಮೆಯೂ ಇತ್ತು.

ದೊಡ್ಡವ್ವ ಮನೆಯ ಮುಂದಿನ ಬೇವಿನ ನೆರಳಿನಲ್ಲಿ ಕಾಲು ಚಾಚಿ ಕುಳಿತು ಉಣ್ಣೆ ನೂಲುತ್ತಿದ್ದಳು. ಎಂಬತ್ತು ದಾಟಿರಬೇಕು, ದಾಟಿಲ್ಲವೆಂದು ಆಕೆಯ ವಾದ.

"ಏಮ್ಮಾ, ಇಂಥಾ ಬಿಸಿಲಾಗೆ ಬಂದ್ಯಾ? ರಾ, ರಾ, ಕುಂತ್ಕ. ಏನು ಹಿಂಗೆ ಒಣಗೀಯ? ಅವನು ಉಣ್ಣಾಕೆ ಹಾಕಲ್ವಾ?" ಎಂದು ತೆಲುಗು ಕನ್ನಡ ಎರಡರಲ್ಲೂ ಬೈದು, "ಮಾರಕ್ಕಾ, ಮಜ್ಜಿಗೆ ತಾರೇ" ಎಂದು ಸೊಸೆಗೆ ಕೂಗಿದಳು.

ಮಜ್ಜಿಗೆ ಕುಡಿದು, ಯೋಗಕ್ಷೇಮ ಮುಗಿಸಿ, ನಾನು ನನ್ನ ವಿಧಾನದ ಪ್ರಕಾರ ಫೋನು ತೆಗೆದೆ. "ದೊಡ್ಡವ್ವಾ, ಈ ಎರಡು ಮೀನು ನೋಡು. ಒಂದೇನಾ, ಬೇರೆನಾ?"

ಫೋನನ್ನು ತೋಳಿನಷ್ಟು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಒಂದರಿಂದ ಇನ್ನೊಂದಕ್ಕೆ ಎರಡು ಸಲ ಹೋಗಿ ಬಂದಳು. ನಮ್ಮ ವಿದ್ಯಾರ್ಥಿಗಳು ಇದಕ್ಕೆ ಅರ್ಧ ಪೀರಿಯಡ್ ತೆಗೆದುಕೊಳ್ಳುತ್ತಾರೆ.

"ಬೇರೆ ಅಲ್ವಾ ಮತ್ತೆ? ಕಣ್ಣಿಲ್ವಾ ನಿಂಗೆ? ಇದರ ಹೆಗಲು ನೋಡು. ಇದು ದೂರ ಹೋಗಿ ಮೇಯೋದು. ಇದು ಮನೆ ಹತ್ರಾನೇ ಸುತ್ತೋದು."

ನಾನು ಬೆಚ್ಚಿದೆ. ಆಕೆ ಮೊದಲು ತೋರಿಸಿದ್ದು ದೈತ್ಯ ಮಾಂಟಾ, ಅದು ನಡುಗಡಲಿನಲ್ಲಿ ಬಹುದೂರ ಅಲೆಯುವುದು ನಿಜ. ಹವಳದ ಮಾಂಟಾ ತನ್ನ ದಿಬ್ಬಗಳ ಸುತ್ತಮುತ್ತಲೇ ಹೆಚ್ಚಾಗಿ ಇರುವುದೂ ನಿಜ. ಪುಸ್ತಕದಲ್ಲಿರುವುದನ್ನು ಈಕೆ ಹೆಗಲಲ್ಲಿ ಓದಿದಳೋ, ಅಥವಾ ಕಣ್ಣುಮುಚ್ಚಿ ಎಸೆದ ಕಲ್ಲು ಹಣ್ಣಿಗೆ ತಗುಲಿತೋ ನನಗೆ ತಿಳಿಯದು. ಎರಡರಲ್ಲಿ ಒಂದನ್ನು ಹೇಳಿದರೆ ಅರ್ಧ ಸಲ ಸರಿಯಾಗುತ್ತದೆ ಎಂದು ವಿಜ್ಞಾನ ನನ್ನ ಕಿವಿ ಹಿಂಡಿತು.

"ಇಂಥದ್ದೇ ಮೊನ್ನೆ ನಮ್ಮ ಹಟ್ಟಿಗೆ ಹೋದಾಗ ಕಾವಲಿನ ಮೇಲೆ ಕಾಣ್ತು ಕಣೇ" ಎಂದಳು ಆಕೆ ಫೋನು ವಾಪಸು ಕೊಡುತ್ತ. "ಬಾಲ ಇಲ್ಲ, ರೆಕ್ಕೆ ಬಡಿಯಲ್ಲ, ಸುಮ್ನೆ ಹೋಗ್ತಿತ್ತು. ಯಾರೂ ಕುಂತಿರಲ್ವಂತೆ ಒಳಗೆ. ನಾನು ಅಂದ್ಕಂಡೆ, ಓ, ಮಲ್ಪೆ ಮೀನು ಇಲ್ಲಿಗೆ ಬಂತು ಅಂತ."

ಕಾವಲಿನ ಬೇಲಿಯ ಆಚೆ ರಕ್ಷಣಾ ಸಂಸ್ಥೆಯವರು ಹಾರಾಟ ಪರೀಕ್ಷಿಸುವ ಚಾಲಕನಿಲ್ಲದ ವಿಮಾನವನ್ನು ನಾನೂ ಕಂಡಿದ್ದೇನೆ. ಅದನ್ನು ಮಾಂಟಾಕ್ಕೆ ಹೋಲಿಸುವುದು ಪ್ರಾಣಿಶಾಸ್ತ್ರ ಓದಿದ ನನಗೆ ಹೊಳೆದಿರಲಿಲ್ಲ. ಹೊಟ್ಟೆಕಿಚ್ಚಾಯಿತು. ಆದರೆ ಮಲ್ಪೆಯ ಹೆಸರು ಆಕೆಯ ಬಾಯಿಂದಲೇ ಬಂದಿತ್ತಲ್ಲ, ಇನ್ನು ತಡೆಯಲಾಗಲಿಲ್ಲ.

"ಆ ಮೀನಿನ ಹಲ್ಲು ನೋಡಿದ್ದು ಅವ್ವ ಅಲ್ವಾ ದೊಡ್ಡವ್ವಾ?"

ಕೇಳಿದ ಮೇಲೆ ಗೊತ್ತಾಯಿತು, ಸಾಕ್ಷಿಗೆ ಕೊಡಬಾರದ ಸುಳಿವನ್ನೆಲ್ಲ ಒಂದೇ ವಾಕ್ಯದಲ್ಲಿ ಕೊಟ್ಟುಬಿಟ್ಟಿದ್ದೆ. ಸುಳಿವನ್ನು ಆಕೆ ಮುಟ್ಟಲೂ ಇಲ್ಲ.

"ನಿಮ್ಮವ್ವನಾ? ಮೇಷ್ಟ್ರ ಹೆಂಡ್ತಿ ಕಣೇ ಅವ್ಳು! ಮೀನಿಗೆ ಕೈ ಹಾಕ್ತಾಳಾ? ನಾನು! ಈ ಎರಡೂ ಕೈ ಹಾಕಿ ಹಿಂಗೆ ಅಗಲಿಸ್ದೆ. ಒಂದು ಕೈಗೆ ಬಗ್ಗಲಿಲ್ಲ ಅದು. ಬಂದರಿನೋನೊಬ್ಬ 'ಅಮ್ಮಾ ಅಮ್ಮಾ' ಅಂತ ಬಡ್ಕಂಡ. ನಿಮ್ಮಪ್ಪ ವಾಸ್ನೆಗೆ ಮೂಗು ಮುಚ್ಕಂಡು ಗಾಡಿಯಾಗೇ ಕುಂತಿದ್ದ, ಇಳೀಲೇ ಇಲ್ಲ. ಒಳಗೆ ನೋಡ್ತೀನಿ, ಬೆಣ್ಣೆ ಹಂಗೆ ಬೆಳ್ಳಗೈತೆ. ಮತ್ತೆ ಕುರಿ ಹಂಗೇನೇ, ಮೇಲ್ಗಡೆ ಹಲ್ಲಿಲ್ಲ! ಕೆಳಗಡೆ ಮಾತ್ರ, ರಾಗಿ ಕಾಳು ಅಂಟಿಸಿದಂಗೆ ಸಣ್ಣ ಸಣ್ಣವು. ಬೆರಳಿಗೆ ಗೊರಗೊರ ಅಂದ್ವು. ಇದಕ್ಕೆ ವಯಸ್ಸೇ ಹೇಳಾಕಾಗಲ್ಲ, ಬಿಡ್ರಪ್ಪ ಅಂದೆ."

ಮಾಂಟಾಗಳಿಗೆ ಹಲ್ಲಿರುವುದು ಕೆಳದವಡೆಯಲ್ಲಿ ಮಾತ್ರ. ಎರಡೂ ಬಗೆಗೂ ಹಾಗೆಯೇ. ಇದನ್ನು ನಾನು ಎಂ.ಎಸ್ಸಿ.ಯಲ್ಲಿ ಓದಿ ತಿಳಿದದ್ದು. ಯಾವ ತರಗತಿಯಲ್ಲೂ, ಮನೆಯಲ್ಲೂ ಹೇಳಿದವಳಲ್ಲ. ಬೆರಳು ಹಾಕದೆ ಗೊತ್ತಾಗುವ ಸಂಗತಿಯಲ್ಲ ಅದು. ಅಂದರೆ ಬೆರಳು ದೊಡ್ಡವ್ವನದೇ. ನನ್ನ ನೆನಪಿನ ಆ ಕಟ್ಟೆಯ ಮುಂದೆ ಅವ್ವನ ಕೈ ಮೀನಿನ ಬಾಯಿಂದ ಮೆಲ್ಲಗೆ ಹಿಂದಕ್ಕೆ ಬಂತು. ಸೊಂಟಕ್ಕೆ ಸಿಕ್ಕಿಸಿದ ಸೆರಗು ಬೇರೆಯವರದಾಯಿತು. ತಿರುಗಿ ನಕ್ಕ ಮುಖ ಹಾಗೇ ಇತ್ತು, ಆದರೆ ಅದರ ಎದುರಿಗೇ ಎಂಬತ್ತರ ಅದೇ ಮುಖ ಕುಳಿತು ಉಣ್ಣೆ ನೂಲುತ್ತಿತ್ತು. ಇಷ್ಟು ವರ್ಷ ನಾನು ಅಕ್ಕನ ಮುಖಕ್ಕೆ ತಂಗಿಯ ಹೆಸರು ಬರೆದು ಗೋಡೆಗೆ ತೂಗುಹಾಕಿದ್ದೆನೇ?

ಇಂಥ ಹೊತ್ತಿನಲ್ಲಿ ಮನುಷ್ಯರು ದೇವರ ಮೊರೆ ಹೋಗುತ್ತಾರೆ. ನಾನು ಪ್ರಾಣಿಶಾಸ್ತ್ರದ ಮೊರೆ ಹೋದೆ. ದೊಡ್ಡವ್ವ ಬಿಳಿ ಬಾಯಿ ಎನ್ನುತ್ತಾಳೆ, ನಾನು ಕಪ್ಪು ಬಾಯಿ ಎನ್ನುತ್ತೇನೆ. ಇಬ್ಬರೂ ಸರಿ ಇರುವುದಕ್ಕೆ ಒಂದೇ ದಾರಿ: ಅಂದು ಮಲ್ಪೆಯಲ್ಲಿ ಎರಡು ಮೀನುಗಳಿದ್ದವು. ಹವಳದ ಮಾಂಟಾದ ಬಿಳಿ ಬಾಯಿಯನ್ನು ದೊಡ್ಡವ್ವ ಬಿಡಿಸಿದಳು, ದೈತ್ಯ ಮಾಂಟಾದ ಕಪ್ಪು ಬಾಯಿಯನ್ನು ಅವ್ವ. ಒಬ್ಬಳು ನೋಡಿದ ಮೇಲೆ ಇನ್ನೊಬ್ಬಳು ಬಿಟ್ಟಾಳೆಯೇ? ಒಂದೇ ಹಟ್ಟಿಯ ಮಕ್ಕಳು! ಎಷ್ಟು ಚೆಂದವಾಗಿ ಕೂಡಿಕೊಂಡಿತು ಎಂದರೆ ನನಗೇ ನಾಚಿಕೆಯಾಯಿತು. ಹವಳದ ಮಾಂಟಾ ದ್ವೀಪಗಳ ಸುತ್ತಿನ ಹವಳದ ದಿಬ್ಬ ಬಿಟ್ಟು ಮಲ್ಪೆಯ ಕಟ್ಟೆಗೆ ಬಂದು, ಅಲ್ಲಿ ತನ್ನ ಅಕ್ಕನ ಪಕ್ಕದಲ್ಲೇ ಮಲಗುವುದೆಂದರೆ ನನ್ನ ವಿದ್ಯಾರ್ಥಿ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದೆ. ಆದರೂ ಕೇಳಿದೆ.

"ದೊಡ್ಡವ್ವಾ, ಸರಿಯಾಗಿ ನೆನಪು ಮಾಡ್ಕ. ಎರಡು ಮೀನು ಇದ್ವಾ ಅಲ್ಲಿ? ಪಕ್ಕದಾಗೆ ಇನ್ನೊಂದು, ಇನ್ನೂ ದೊಡ್ಡದು, ಕಪ್ಪು ಬಾಯಿದು?"

ನೂಲುತ್ತಿದ್ದ ಕೈ ನಿಂತಿತು. ಆಕೆ ನನ್ನ ಮುಖವನ್ನು ನೋಡಿದಳು. ಕೆಂಚು, ಕರಿ, ಬಿಳಿ ಎಂದು ಇನ್ನೂರು ಕುರಿಗಳಲ್ಲಿ ಯಾವುದು ಮೇವು ಬಿಟ್ಟಿದೆ ಎಂದು ಸಂಜೆ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದ ಕಣ್ಣು ಅದು.

"ನಿಂಗೆ ಎರಡು ಬೇಕೇನೇ?" ಎಂದಳು ಮೆತ್ತಗೆ. "ಎರಡಿದ್ವು ಅಂತ ಇಟ್ಕಾ. ಏನೀಗ? ಸಣ್ಣಿ ಒಂದು ನೋಡಿದ್ಲು, ನಾನೊಂದು ನೋಡ್ದೆ. ಅಳಬ್ಯಾಡ."

"ಅಳ್ತಿಲ್ಲ. ಮಜ್ಜಿಗೆ ಖಾರ."

"ಹಸಿಮೆಣಸಿನಕಾಯಿ ಹಾಕೇ ಇಲ್ಲಲ್ಲ ಅಕ್ಕಾ" ಎಂದಳು ಒಳಗಿನಿಂದ ಮಾರಕ್ಕ.

ಅಲ್ಲಿಗೆ ನನ್ನ ಸಂಶೋಧನೆ ನೆಲ ಕಚ್ಚಿತು. ಸಾಕ್ಷಿ ಕರುಣೆ ತೋರಿದ ಮೇಲೆ ಹೇಳಿಕೆಗೆ ಬೆಲೆ ಇಲ್ಲ. ಕೇಳಿದ್ದಕ್ಕೆ ಹೂಂ ಎಂದಿದ್ದರೆ ಸಂಶಯಪಡಬಹುದಿತ್ತು, ಇಲ್ಲ ಎಂದಿದ್ದರೆ ಸಿಟ್ಟಾಗಬಹುದಿತ್ತು. ಈಕೆ ಮಗುವಿನ ಕೈಗೆ ಬೆಲ್ಲದ ತುಂಡು ಇಟ್ಟಂತೆ ಒಂದು ಇಡೀ ಮೀನನ್ನೇ ಕೊಟ್ಟುಬಿಟ್ಟಳು, ಅದೂ ಹತ್ತಾಳು ಎಳೆದರೂ ಅಲುಗದಂಥ ಮೀನು. ತೆಗೆದುಕೊಳ್ಳಲೂ ಆಗದು, ಬೇಡವೆನ್ನಲೂ ಆಗದು. ನಾನು ನಗತೊಡಗಿದೆ. ನಕ್ಕಿದ್ದು ನೋಡಿ ಆಕೆಗೂ ಸಮಾಧಾನವಾಯಿತು. ಊಟಕ್ಕೆ ಏಳು ಎಂದಳು. ಊಟದಲ್ಲಿ ಆಕೆ ಮಾತನಾಡಿದ್ದೆಲ್ಲ ಈಗಿನ ಕುರಿಗಳ ಬಗ್ಗೆ, ಈಗಿನ ಕುರಿಗಳಿಗೆ ನಡೆದಾಡುವ ಶಕ್ತಿಯೇ ಇಲ್ಲವಂತೆ. ಅವ್ವನ ಮಾತು ನಾನು ಎತ್ತಲಿಲ್ಲ. ಆಕೆಯೂ ಎತ್ತಲಿಲ್ಲ. ಆಮೇಲೆ ಯೋಚಿಸಿದರೆ, ಅಂದು ಅವ್ವ ಆ ಕಟ್ಟೆಯ ಬಳಿ ಇದ್ದಳೋ, ಅಪ್ಪನ ಜೊತೆ ಗಾಡಿಯಲ್ಲೇ ಉಳಿದಿದ್ದಳೋ, ಪ್ರವಾಸಕ್ಕೇ ಬಂದಿರಲಿಲ್ಲವೋ ಎಂಬುದನ್ನು ದೊಡ್ಡವ್ವ ಹೇಳಿಯೇ ಇರಲಿಲ್ಲ. ಮೀನಿಗೆ ಕೈ ಹಾಕುವವಳಲ್ಲ ಎಂದಳು, ಅಷ್ಟೆ. ಇಷ್ಟು ಮುಖ್ಯವಾದ ಪ್ರಶ್ನೆಯನ್ನು ಬಿಟ್ಟು, ಇಡೀ ಮಧ್ಯಾಹ್ನ ನಾನು ಮೀನಿನ ಬಾಯಿಗೆ ಸುಣ್ಣ ಬಳಿಯುವುದೋ ಮಸಿ ಬಳಿಯುವುದೋ ಎಂದು ಚರ್ಚಿಸಿ ಬಂದಿದ್ದೆ.

ಮರುದಿನ ಕಾಲೇಜಿನಲ್ಲಿ ತಿಪ್ಪೇಸ್ವಾಮಿ ಮೇಷ್ಟ್ರು, "ಏನಾಯ್ತು ಮೇಡಂ, ತೀರ್ಪು? ಕಪ್ಪೋ, ಬಿಳಿಯೋ?" ಎಂದರು. "ವಿಚಾರಣೆ ಮುಂದಕ್ಕೆ ಹೋಗಿದೆ" ಎಂದೆ. ಪೀರಿಯಡ್ ಇರಲಿಲ್ಲ. ಚಾರ್ಟಿನ ಮುಂದೆ ಸುಮ್ಮನೆ ನಿಂತೆ. ಎಲ್ಲ ತೊರಕೆ ಮೀನಿನ ಚಿತ್ರಗಳ ಹಾಗೆ ಇದನ್ನೂ ಮೇಲಿನಿಂದ ನೋಡಿದಂತೆ ಬರೆದಿದ್ದೇನೆ; ಹೆಗಲು, ಬೆನ್ನು, ರೆಕ್ಕೆಯ ತುದಿ, ಎಲ್ಲ ಕಾಣುತ್ತವೆ. ನನ್ನ ನೆನಪಿನ ಮೀನೂ ಹೀಗೆಯೇ, ಮೇಲಿನಿಂದಲೇ ಕಾಣುತ್ತದೆ. ಆಗ ಒಂದು ವಿಷಯ ತಲೆಗೆ ಬಂತು. ಆ ಕಟ್ಟೆ ದೊಡ್ಡವರ ಸೊಂಟದಷ್ಟು ಎತ್ತರವಿತ್ತು. ಐದು ವರ್ಷದ, ವಯಸ್ಸಿಗಿಂತ ಗಿಡ್ಡಗಿದ್ದ ನಾನು ಅದರ ಪಕ್ಕ ನೆಲದ ಮೇಲೆ ನಿಂತಿದ್ದರೆ ನನಗೆ ಕಾಣುತ್ತಿದ್ದುದು ಸಿಮೆಂಟು ಮಾತ್ರ. ಮೀನಿನ ಬೆನ್ನನ್ನು, ತೆರೆದ ಬಾಯಿಯನ್ನು, ಅದರ ಒಳಗನ್ನು ಕಾಣಬೇಕಾದರೆ ಯಾರೋ ನನ್ನನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಿರಬೇಕು.

ಈ ತರ್ಕದಲ್ಲಿ ಎಷ್ಟು ತೂತುಗಳಿವೆ ಎಂದು ನನಗೆ ಗೊತ್ತು. ಕಟ್ಟೆಯ ಎತ್ತರವೂ ನೆನಪೇ. ಮೇಲಿನಿಂದ ಕಂಡದ್ದು ಮಲ್ಪೆಯ ಮೀನೋ, ಹತ್ತಾರು ವರ್ಷ ಕೋಲು ಹಿಡಿದು ತೋರಿಸಿದ ಈ ಚಾರ್ಟೋ ಎಂದು ಯಾರು ಹೇಳಬೇಕು? ಎತ್ತಿಕೊಂಡವರು ಪಕ್ಕದ ಊರಿನ ಯಾವುದೋ ಹೆಂಗಸಾಗಿರಬಹುದು, ಡ್ರೈವರೂ ಆಗಿರಬಹುದು. ಎತ್ತಿಕೊಂಡವರ ಮುಖ ಮೀನನ್ನೇ ನೋಡುತ್ತಿರುವ ಮಗುವಿಗೆ ಕಾಣುವುದೂ ಇಲ್ಲ. ಅವ್ವನೇ ಎತ್ತಿಕೊಂಡಿದ್ದರೂ ತಿರುಗಿ ನಕ್ಕವಳು ದೊಡ್ಡವ್ವನೇ ಆದಳು, ನಾನು ಉಳಿಸಿಕೊಳ್ಳಲು ಹೊರಟ ಮುಖ ಎಂದೂ ನನ್ನದಾಗಿರಲೇ ಇಲ್ಲ. ಮೂರನೆಯ ನೆನಪಿನಲ್ಲೂ ಅವ್ವ, ಇದ್ದರೆ, ನನ್ನ ಹಿಂದೆಯೇ ಇದ್ದಾಳೆ. ಇಷ್ಟನ್ನೂ ಡೈರಿಯಲ್ಲಿ ಬರೆದು, ಕೆಳಗೆ "ಪುರಾವೆ ಸಾಲದು" ಎಂದು ನಾನೇ ಷರಾ ಹಾಕಿದೆ. ಪುರಾವೆ ಸಾಲದು ಎಂದು ಬರೆದ ಕೈಯೇ ಐದು ನಿಮಿಷದ ಮೇಲೆ ಮಾರಕ್ಕನ ವಾಟ್ಸಾಪಿಗೆ ದೊಡ್ಡವ್ವನಿಗಾಗಿ ಒಂದು ವಾಯ್ಸ್ ಮೆಸೇಜು ಕಳಿಸಿತು. ಉಂಡ್ಯಾ ಎಂದು ಮೊದಲು ಕೇಳುವುದನ್ನೂ ಮರೆತಿದ್ದೆ.

ಎರಡು ನೀಲಿ ಗೆರೆ ಅಂದೇ ಬಂದವು. ವಾರವಾದ ಮೇಲೆ ಮಾರಕ್ಕನಿಗೆ ಫೋನ್ ಮಾಡಿದರೆ, "ಅತ್ತಮ್ಮ ಮೂರು ಸಲ ಹಾಕಿಸ್ಕಂಡು ಕೇಳ್ತು ಅಕ್ಕಾ. ಆಮೇಲೆ ಹೊರಗೆ ಹೋಗಿ ಕುಂತ್ಕಂತು" ಎಂದಳು. ಈಗ ಎರಡು ತಿಂಗಳಾಯಿತು. ನಡುವೆ ನಾಲ್ಕೈದು ಸಲ ದೊಡ್ಡವ್ವನೇ ಫೋನ್ ಮಾಡಿ ನಾವು ಉಂಡೆವೋ ಇಲ್ಲವೋ ವಿಚಾರಿಸಿದ್ದಾಳೆ. ಆ ಮಾತು ತೆಗೆದಿಲ್ಲ. ನಾನೂ ಮತ್ತೆ ಕೇಳಿಲ್ಲ. ಕಳಿಸಿದ್ದು ನನ್ನ ಫೋನಿನಲ್ಲಿ ಹಾಗೇ ಇದೆ, ಆಗಾಗ ನಾನೇ ಹಾಕಿಕೊಂಡು ಕೇಳುತ್ತೇನೆ. ಪಾಠ ಮಾಡುವ ಧ್ವನಿಯಲ್ಲಿ ಶುರುವಾಗಿ ನಡುವೆ ಎಲ್ಲೋ ಹಟ್ಟಿಯ ಮಾತಿಗೆ ಜಾರುವ, ಅಷ್ಟೇನೂ ಚೆನ್ನಾಗಿಲ್ಲದ ನನ್ನದೇ ದನಿ:

"ದೊಡ್ಡವ್ವಾ, ನೀನು ಹಲ್ಲು ನೋಡುವಾಗ ನಿನ್ನ ಎರಡೂ ಕೈ ಮೀನಿನ ಬಾಯಾಗಿದ್ವು. ಅಪ್ಪ ಗಾಡಿಯಾಗಿದ್ದ. ನಾನು ಮೇಲಿಂದ ನೋಡ್ತಿದ್ದೆ. ನನ್ನ ಎತ್ಕಂಡು ನಿಂತಿದ್ದೋರು ಯಾರು?"